ಎಟಿಮೆಗಾ328ಪಿ: ಫ್ಯೂಸ್ ಬರೆದ ತಕ್ಷಣ ಸಿಗ್ನೇಚರ್ ಸೊನ್ನೆ

ಪ್ರಶ್ನೆ: ಡಾಟ್ ಬೋರ್ಡ್ ಮೇಲೆ ಹೊಸ ಎಟಿಮೆಗಾ328ಪಿ (ಆರ್ಡುಯಿನೊ ಊನೊದಲ್ಲಿರುವ ಮೈಕ್ರೊಕಂಟ್ರೋಲರ್ ಚಿಪ್), 16 ಮೆಗಾಹರ್ಟ್ಜ್ ಕ್ರಿಸ್ಟಲ್, ಎರಡು ಸೆರಾಮಿಕ್ ಕೆಪಾಸಿಟರ್, ರೀಸೆಟ್‌ಗೆ 10ಕೆ ಪುಲ್‌ಅಪ್ ಇದೆ. ಊನೊವನ್ನು ಐಎಸ್‌ಪಿ (ಚಿಪ್‌ಗೆ ನೇರವಾಗಿ ಬರೆಯುವ ಪ್ರೋಗ್ರಾಮರ್) ಮಾಡಿ, ಸೀರಿಯಲ್‌ನಿಂದ ಸ್ಕೆಚ್ (ಪ್ರೋಗ್ರಾಂ) ತೆಗೆದುಕೊಳ್ಳುವ ಬೂಟ್‌ಲೋಡರ್ ಹಾಕಲು ‘ಬರ್ನ್ ಬೂಟ್‌ಲೋಡರ್’ ಒತ್ತಿದಾಗ ಸಿಗ್ನೇಚರ್ (ಚಿಪ್‌ನ ಗುರುತಿನ ಸಂಖ್ಯೆ) 1ಇ950ಎಫ್ ಎಂದು ಸರಿಯಾಗಿ ಬಂತು, ಫ್ಯೂಸ್ (ಕ್ಲಾಕ್ ಮುಂತಾದವನ್ನು ನಿರ್ಧರಿಸುವ ಸೆಟ್ಟಿಂಗ್) ಕೂಡ ಬರೆಯಿತು. ಆಮೇಲೆ ಬರೀ ಸೊನ್ನೆ. ಎಷ್ಟು ಸಲ ಒತ್ತಿದರೂ ಅದೇ. ಚಿಪ್ ಸುಟ್ಟಿತೇ?

ಉತ್ತರ: ಸುಟ್ಟಿಲ್ಲ, ಬಿಸಾಡಬೇಡಿ. ಒಮ್ಮೆ ಸಿಗ್ನೇಚರ್ ಬಂದಿದೆ ಅಂದಮೇಲೆ ಐಎಸ್‌ಪಿಗೆ ಸೇರುವ 17, 18, 19ನೇ ಕಾಲುಗಳೂ ರೀಸೆಟ್ ವೈರೂ ಸರಿ ಇವೆ. ವೈರ್ ಕದಲಿಲ್ಲ ತಾನೇ? ಹಾಗಾದರೆ ಅಲ್ಲಿ ಹುಡುಕುವುದು ಬೇಡ.

ಹೊಸ ಚಿಪ್ ತನ್ನೊಳಗಿನ 8 ಮೆಗಾಹರ್ಟ್ಜ್ ಕ್ಲಾಕನ್ನು 8ರಿಂದ ಭಾಗಿಸಿ 1 ಮೆಗಾಹರ್ಟ್ಜ್‌ನಲ್ಲಿ ಓಡುತ್ತಿರುತ್ತದೆ. ಬೂಟ್‌ಲೋಡರ್ ಬರೆಯುವುದು ಎರಡು ಹಂತದಲ್ಲಿ. ಮೊದಲ ಹಂತ ಚಿಪ್ ಅಳಿಸಿ, ಲೋ ಫ್ಯೂಸನ್ನು 62ರಿಂದ ಎಫ್‌ಎಫ್‌ಗೆ ಬದಲಿಸುತ್ತದೆ. ಅಲ್ಲಿಂದ ಚಿಪ್ ಹೊರಗಿನ ಕ್ರಿಸ್ಟಲ್‌ಗೇ ಕಾಯುತ್ತದೆ. ಐಎಸ್‌ಪಿಗೆ ಉತ್ತರಿಸಲೂ ಕ್ಲಾಕ್ ಬೇಕು. ಕ್ರಿಸ್ಟಲ್ ಓಡದಿದ್ದರೆ ಎರಡನೇ ಹಂತಕ್ಕೆ ಸೊನ್ನೆಯೇ ಸಿಗುವುದು. ಕೆಪಾಸಿಟರ್ ಮೇಲೆ ಏನಿದೆ?

ಪ್ರಶ್ನೆ: 221 ಅಂತಿದೆ ಸರ್. ಕ್ರಿಸ್ಟಲ್‌ಗೆ ಸುಮಾರು 3 ಸೆಂ.ಮೀ. ವೈರ್ ಎಳೆದಿದ್ದೇನೆ.

ಉತ್ತರ: ಎರಡೂ ತಪ್ಪು. ಕೊನೆಯ ಅಂಕಿ ಎಷ್ಟು ಸೊನ್ನೆ ಸೇರಿಸಬೇಕು ಅನ್ನುವುದರ ಲೆಕ್ಕ. 221 ಅಂದರೆ 220 ಪಿಕೊಫ್ಯಾರಡ್, ಬೇಕಾದ್ದರ ಹತ್ತು ಪಟ್ಟು. 22 ಅಥವಾ 220 ಎಂದು ಬರೆದಿರುವುದೇ 22 ಪಿಕೊ. ಅಂಗಡಿಯಲ್ಲಿ ತುಂಬ ಜನ ಎಡವುವುದು ಇಲ್ಲೇ. ಕ್ರಿಸ್ಟಲನ್ನು 9, 10ನೇ ಕಾಲಿಗೆ ಅಂಟಿದಂತೆ ಕೂರಿಸಿ, ಕೆಪಾಸಿಟರ್‌ಗಳ ಇನ್ನೊಂದು ತುದಿಯನ್ನು 8ನೇ ಕಾಲಿನ ಗ್ರೌಂಡ್‌ಗೆ ಕೊಡಿ. ನಡುವೆ ಉಳಿದ ಬೆಸುಗೆಯ ಫ್ಲಕ್ಸ್ ಅನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಉಜ್ಜಿ ತೆಗೆಯಿರಿ. 7–8 ಮತ್ತು 20–22ನೇ ಕಾಲುಗಳ ನಡುವೆ ಒಂದೊಂದು 104 (0.1 ಮೈಕ್ರೊಫ್ಯಾರಡ್) ಕೆಪಾಸಿಟರ್ ಇರಲಿ. 20ನೇ ಕಾಲಿಗೂ 5 ವೋಲ್ಟ್ ಬೇಕು.

ಆದರೂ ಸೊನ್ನೆ ಬಂದರೆ ಕ್ರಿಸ್ಟಲ್ ಬಿಚ್ಚಿ, ಇನ್ನೊಂದು ಊನೊದ ಟೈಮರ್-1ರಿಂದ 9ನೇ ಪಿನ್‌ನಲ್ಲಿ 8 ಮೆಗಾಹರ್ಟ್ಜ್ ಹೊರಡಿಸಿ ಚಿಪ್‌ನ 9ನೇ ಕಾಲಿಗೆ ಕೊಡಿ, ಗ್ರೌಂಡ್ ಸೇರಿಸಿ. ಐಎಸ್‌ಪಿ ಆಗಿರುವ ಊನೊ ಇದಕ್ಕೆ ಆಗದು. ಅದರ 9ನೇ ಪಿನ್‌ನಲ್ಲಿ ಸ್ಥಿತಿ ತೋರಿಸುವ ಎಲ್‌ಇಡಿಯ ಕೆಲಸ ನಡೆದಿರುತ್ತದೆ.

ಪ್ರಶ್ನೆ: 22 ಪಿಕೊ ಹಾಕಿ ಕ್ರಿಸ್ಟಲ್ ಹತ್ತಿರ ತಂದೆ, ಬೂಟ್‌ಲೋಡರ್ ಕೂತಿತು. ಈಗ ಯುಎಸ್‌ಬಿ-ಸೀರಿಯಲ್‌ನಿಂದ ಸ್ಕೆಚ್ ಹಾಕಿದರೆ ‘ನಾಟ್ ಇನ್ ಸಿಂಕ್’ ಎಂಬ ದೋಷ ಬರುತ್ತದೆ.

ಉತ್ತರ: ಅಡಾಪ್ಟರ್‌ನ ಟಿಎಕ್ಸ್ 2ನೇ ಕಾಲಿಗೆ, ಆರ್‌ಎಕ್ಸ್ 3ನೇ ಕಾಲಿಗೆ. ಡಿಟಿಆರ್ (ಅಪ್‌ಲೋಡ್ ಹೊತ್ತಿಗೆ ಚಿಪ್ ರೀಸೆಟ್ ಮಾಡುವ ಅಡಾಪ್ಟರ್‌ನ ಪಿನ್) ಅನ್ನು ನೇರ ಕೊಡಬೇಡಿ, 104 ಕೆಪಾಸಿಟರ್ ಮೂಲಕ ರೀಸೆಟ್ ಆದ 1ನೇ ಕಾಲಿಗೆ ಕೊಡಿ. ನೇರ ಕೊಟ್ಟರೆ ಡಿಟಿಆರ್ ಕೆಳಗಿರುವಷ್ಟು ಹೊತ್ತೂ ಚಿಪ್ ರೀಸೆಟ್‌ನಲ್ಲೇ ಕೂತಿರುತ್ತದೆ.