ಆನ್‌ಲೈನ್ ಹರಾಜಿನಲ್ಲಿ ಕೊಂಡ ಕ್ಯಾಮೆರಾ ವಿವರಣೆಯಲ್ಲಿದ್ದಂತಿಲ್ಲ: ಹಣ ಮರಳಿ ಪಡೆಯುವುದು ಹೇಗೆ?

ಪ್ರಶ್ನೆ

ಆನ್‌ಲೈನ್ ಹರಾಜೊಂದರಲ್ಲಿ ಹಳೆಯ ಫಿಲ್ಮ್ ಕ್ಯಾಮೆರಾವೊಂದಕ್ಕೆ ಬಿಡ್ ಮಾಡಿ ಗೆದ್ದೆ. ಶೀರ್ಷಿಕೆಯಲ್ಲಿ ‘ಪರೀಕ್ಷಿಸಲಾಗಿದೆ, ಸುಸ್ಥಿತಿಯಲ್ಲಿದೆ’ ಎಂದು ಸ್ಪಷ್ಟವಾಗಿ ಬರೆದಿದ್ದರು. ಕಳೆದ ವಾರ ಅದು ಕೈಸೇರಿದಾಗ ನೋಡಿದರೆ ಲೆನ್ಸಿನ ಒಳಗೆ ಫಂಗಸ್ ಹರಡಿದೆ. ಕಡಿಮೆ ವೇಗಗಳಲ್ಲಿ ಶಟರ್ ತೆರೆದುಕೊಂಡರೆ ಮುಚ್ಚುವುದೇ ಇಲ್ಲ. ಮಾರಾಟಗಾರರನ್ನು ವಿಚಾರಿಸಿದಾಗ, ವಿವರಣೆಯ ಕೊನೆಯಲ್ಲಿ ‘ಇದ್ದ ಸ್ಥಿತಿಯಲ್ಲೇ ಮಾರಾಟ, ವಾಪಸಾತಿ ಇಲ್ಲ’ ಎಂಬ ಸಾಲನ್ನು ನಾನು ಓದಬೇಕಿತ್ತು ಎಂದರು. ನಾನು ತಾಣದಲ್ಲಿ ದೂರು ದಾಖಲಿಸಿದ ಮೇಲೆ ಅವರ ಧಾಟಿ ಬದಲಾಗಿದೆ: ದೂರನ್ನು ಮೊದಲು ಹಿಂತೆಗೆದುಕೊಂಡರೆ ಅರ್ಧ ಹಣವನ್ನು ತಾಣದ ಹೊರಗೆ ಕಳುಹಿಸುವುದಾಗಿ ಹೇಳುತ್ತಿದ್ದಾರೆ. ಬಹಳ ದಿನ ಕೂಡಿಟ್ಟ ಹಣವಾದ್ದರಿಂದ ಅರ್ಧವಾದರೂ ಬರಲಿ ಎಂದು ಮನಸ್ಸು ಹೇಳುತ್ತಿದೆ. ಒಪ್ಪಿಕೊಳ್ಳಬಹುದೇ? ಅಷ್ಟರಲ್ಲಿ ರಿಪೇರಿಯವರಿಗೆ ಒಮ್ಮೆ ತೋರಿಸಲೇ?

ಉತ್ತರ 1

ದಯವಿಟ್ಟು ದೂರನ್ನು ಹಿಂತೆಗೆದುಕೊಳ್ಳಬೇಡಿ. ನಿಮ್ಮ ಕೈಯಲ್ಲಿರುವ ಹಿಡಿತ ಅದೊಂದೇ. ಒಮ್ಮೆ ಮುಚ್ಚಿದ ದೂರನ್ನು ಮತ್ತೆ ತೆರೆಯಲು ಬಹುತೇಕ ತಾಣಗಳು ಅವಕಾಶ ಕೊಡುವುದಿಲ್ಲ. ತಾಣದ ಹೊರಗೆ ಬರುವ ಹಣಕ್ಕೆ ತಾಣದ ರಕ್ಷಣೆಯೂ ಇರುವುದಿಲ್ಲ.

‘ವಾಪಸಾತಿ ಇಲ್ಲ’ ಎಂಬ ಸಾಲಿಗೆ ಹೆದರಬೇಕಾಗಿಲ್ಲ. ಕೊಂಡವರು ಮನಸ್ಸು ಬದಲಾಯಿಸಿದಾಗ, ಅಥವಾ ಬಿಡ್ ಮಾಡುವ ಭರದಲ್ಲಿ ಹೆಚ್ಚು ಬೆಲೆ ಕೊಟ್ಟೆನೆಂದು ಆಮೇಲೆ ಅನ್ನಿಸಿದಾಗ ಆ ಸಾಲು ಮಾರಾಟಗಾರರನ್ನು ಕಾಯುತ್ತದೆ. ವಸ್ತು ವಿವರಣೆಗೆ ವಿರುದ್ಧವಾಗಿದ್ದರೆ ಅದು ನಿಲ್ಲುವುದಿಲ್ಲ. ಉದಾಹರಣೆಗೆ, ಈಬೇ ತಾಣದ ಹಣ ವಾಪಸಾತಿ ಖಾತರಿಯ ಪ್ರಕಾರ, ಮಾರಾಟಗಾರರು ವಾಪಸಾತಿ ಒಪ್ಪುವುದಿಲ್ಲವೆಂದು ಬರೆದಿದ್ದರೂ ವಿವರಣೆಗೆ ಹೊಂದದ ವಸ್ತುವಿನ ಬಗ್ಗೆ 30 ದಿನಗಳೊಳಗೆ ದೂರು ಕೊಡಬಹುದು. ಮಾರಾಟಗಾರರು 3 ಕೆಲಸದ ದಿನಗಳಲ್ಲಿ ಪರಿಹರಿಸದಿದ್ದರೆ ತಾಣವೇ ಮಧ್ಯೆ ಬರುವಂತೆ ಕೋರಬಹುದು. ನೀವು ಕೊಂಡ ತಾಣದ ಗಡುವು ಬೇರೆ ಇರಬಹುದಾದ್ದರಿಂದ ಇಂದೇ ಓದಿಕೊಳ್ಳಿ.

ದೂರಿನಲ್ಲಿ ‘ಮೋಸ ಮಾಡಿದ್ದಾರೆ’ ಎಂದು ಬರೆಯುವ ಬದಲು, ‘ಪರೀಕ್ಷಿಸಲಾಗಿದೆ ಎಂದು ಬರೆದಿದ್ದಾರೆ, ಆದರೆ ಶಟರ್ ಮುಚ್ಚುವುದಿಲ್ಲ’ ಎಂದು ಅವರ ಮಾತನ್ನೂ ವಸ್ತುವಿನ ಸ್ಥಿತಿಯನ್ನೂ ಅಕ್ಕಪಕ್ಕದಲ್ಲಿ ಇಡಿ. ಲೆನ್ಸಿನ ಹಿಂದಿನಿಂದ ಟಾರ್ಚ್ ಹಾಯಿಸಿ ಮುಂದಿನಿಂದ ಫೋಟೊ ತೆಗೆದರೆ ಫಂಗಸ್ಸಿನ ಎಳೆಗಳು ಜೇಡರ ಬಲೆಯಂತೆ ಎದ್ದು ಕಾಣುತ್ತವೆ. ಹಿಂಬದಿಯ ಮುಚ್ಚಳ ತೆರೆದಿಟ್ಟು, ಪ್ರತಿ ವೇಗದಲ್ಲೂ ಶಟರ್ ಒತ್ತುವುದನ್ನು ಒಂದೇ ವಿಡಿಯೊದಲ್ಲಿ ತೋರಿಸಿ. ಹರಾಜಿನ ಪುಟದ ಸ್ಕ್ರೀನ್‌ಶಾಟ್ ಇಲ್ಲದಿದ್ದರೆ ಈಗಲೇ ತೆಗೆದಿಡಿ. ರಿಪೇರಿಯವರ ಬಳಿಗೆ ಮಾತ್ರ ಒಯ್ಯಬೇಡಿ. ಸ್ಕ್ರೂ ಒಂದು ಸಡಿಲಿಸಿದರೂ ಕೆಡಿಸಿದ್ದು ನೀವೇ ಎಂಬ ವಾದಕ್ಕೆ ದಾರಿಯಾಗುತ್ತದೆ.

ಉತ್ತರ 2

ನಾನು ಹಳೆಯ ಕ್ಯಾಮೆರಾಗಳನ್ನು ಮಾರುವವನು. ವರ್ಷಗಟ್ಟಲೆ ಬಳಸದೆ ಇಟ್ಟ ಕ್ಯಾಮೆರಾದಲ್ಲಿ ಎಣ್ಣೆ ಗಟ್ಟಿಯಾಗಿ ಕಡಿಮೆ ವೇಗಗಳು ಮೊದಲು ಕೈಕೊಡುತ್ತವೆ, ಹೆಚ್ಚಿನ ವೇಗದಲ್ಲಿ ಮಾತ್ರ ಒತ್ತಿ ನೋಡಿದವರಿಗೆ ಇದು ತಿಳಿಯದೆಯೂ ಇರಬಹುದು. ಆದ್ದರಿಂದ ಅವರ ಉದ್ದೇಶವನ್ನು ಸಾಬೀತು ಮಾಡಲು ಹೋಗಬೇಡಿ, ಅದರ ಅಗತ್ಯವೂ ಇಲ್ಲ. ತಿಳಿಯದೆ ಬರೆದಿದ್ದರೂ ‘ಪರೀಕ್ಷಿಸಲಾಗಿದೆ’ ಎಂಬ ಮಾತಿನ ಹೊಣೆ ಬರೆದವರದೇ. ವಾಪಸು ಕಳುಹಿಸುವಾಗ ತಾಣ ಕೊಟ್ಟ ವಿಳಾಸಕ್ಕೇ, ಟ್ರ್ಯಾಕಿಂಗ್ ಇರುವ ಕೊರಿಯರ್‌ನಲ್ಲೇ ಕಳುಹಿಸಿ. ಪ್ಯಾಕ್ ಮಾಡುವ ಮುನ್ನ ಸೀರಿಯಲ್ ನಂಬರಿನ ಫೋಟೊ ತೆಗೆದಿಡಿ. ಬೇರೊಂದು ಕ್ಯಾಮೆರಾ ಕಳುಹಿಸಿದ್ದೀರಿ ಎಂಬ ಆರೋಪಕ್ಕೆ ಆ ಫೋಟೊವೇ ಉತ್ತರ.

ಉತ್ತರ 3

ಹಣ ಯಾವ ಮಾರ್ಗದಲ್ಲಿ ಕೊಟ್ಟಿರಿ ಎಂಬುದನ್ನು ನೀವು ಹೇಳಿಲ್ಲ. ಪೇಪಾಲ್ ಆಗಿದ್ದರೆ ಪಾವತಿಯ ದಿನದಿಂದ 180 ದಿನಗಳೊಳಗೆ ವಿವಾದ ತೆರೆಯಬಹುದು. ಆದರೆ ವಿವಾದ ತೆರೆದು ಸುಮ್ಮನಿದ್ದರೆ ಸಾಲದು: 20 ದಿನಗಳೊಳಗೆ ಅದನ್ನು ಕ್ಲೇಮ್ ಆಗಿ, ಅಂದರೆ ಪೇಪಾಲ್ ತಾನೇ ತೀರ್ಮಾನಿಸಬೇಕೆಂಬ ಕೋರಿಕೆಯಾಗಿ, ಮುಂದಕ್ಕೆ ಒಯ್ಯದಿದ್ದರೆ ಅದು ತಾನಾಗಿಯೇ ಮುಚ್ಚಿಹೋಗುತ್ತದೆ. ಕಾರ್ಡ್ ಆಗಿದ್ದರೆ ಕಾರ್ಡ್ ಕೊಟ್ಟ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್, ಅಂದರೆ ಆ ಪಾವತಿಯನ್ನು ಬ್ಯಾಂಕಿನ ಮೂಲಕ ಮರಳಿ ಪಡೆಯುವ ಕ್ರಮ, ಕೋರಬಹುದು. ತಾಣದ ದೂರನ್ನೂ ಚಾರ್ಜ್‌ಬ್ಯಾಕನ್ನೂ ಒಟ್ಟಿಗೆ ನಡೆಸಬೇಡಿ; ಬ್ಯಾಂಕಿನಲ್ಲಿ ವಿವಾದ ಶುರುವಾಯಿತೆಂದರೆ ತಾಣ ತನ್ನ ಕಡೆಯ ದೂರನ್ನು ಕೈಬಿಡುವುದುಂಟು. ಮೊದಲು ತಾಣ, ಅಲ್ಲಿ ನ್ಯಾಯ ಸಿಗದಿದ್ದರೆ ಬ್ಯಾಂಕ್. ಆದರೆ ಬ್ಯಾಂಕಿನ ಗಡುವು ಎಂದು ಮುಗಿಯುತ್ತದೆ ಎಂಬುದನ್ನು ಮಾತ್ರ ಈಗಲೇ ಕೇಳಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಪಾವತಿ ಕಾರ್ಡಿನ ಮೂಲಕ ಮಾಡಿದ್ದೆ. ಅರ್ಧ ಹಣದ ಮಾತನ್ನು ನಿರಾಕರಿಸಿ, ಪೂರ್ಣ ಹಣ ಸಿಕ್ಕ ಮೇಲಷ್ಟೇ ದೂರು ಮುಚ್ಚುವುದಾಗಿ ತಾಣದ ಸಂದೇಶ ವ್ಯವಸ್ಥೆಯಲ್ಲೇ ಬರೆದಿದ್ದೇನೆ. ಟಾರ್ಚ್ ಬೆಳಕಿನ ಫೋಟೊಗಳನ್ನೂ ಶಟರ್ ವಿಡಿಯೊವನ್ನೂ ಸೇರಿಸಿದೆ. ರಿಪೇರಿಯವರ ಬಳಿ ಹೋಗುವುದನ್ನು ಬಿಟ್ಟು, ಕ್ಯಾಮೆರಾವನ್ನು ಬಂದ ಪೆಟ್ಟಿಗೆಯಲ್ಲೇ ತೆಗೆದಿರಿಸಿದ್ದೇನೆ. ಮಾರಾಟಗಾರರಿಂದ ಉತ್ತರ ಬಾರದಿದ್ದರೆ ನಾಡಿದ್ದು ತಾಣದ ಮಧ್ಯಪ್ರವೇಶ ಕೋರುತ್ತೇನೆ. ಏನಾಯಿತೆಂದು ಇಲ್ಲಿಯೇ ತಿಳಿಸುತ್ತೇನೆ.