ಅತ್ತಿಗೆಗೆ ಉತ್ತರ: ಪುಟ್ಟಿ ಕೋರ್ಸಿಗೆ ಈಗಲೇ ದುಡ್ಡು ಕಟ್ಟೋದು ಬೇಡ

ಅತ್ತಿಗೆ, ನಿಮ್ಮ ಮೆಸೇಜು ಈಗ ನೋಡಿದೆ. ಟೈಪ್ ಮಾಡೋಕ್ಕಾಗಲ್ಲ, ಬಾಯಲ್ಲೇ ಹೇಳ್ತೀನಿ. ಪುಟ್ಟೀನೂ ಕೇಳಿಸ್ಕೊಳ್ಳಲಿ, ಮೈಸೂರಿನವರೂ ಕೇಳಿಸ್ಕೊಳ್ಳಲಿ, ಅವರ ಮನೇಲೂ ಇದೇ ಚಿಂತೆ ನಡೀತಿದೆಯಂತೆ. ನೀವು ಕೇಳಿರೋದು ಇಷ್ಟು: ಪುಟ್ಟಿ ಆರು ವರ್ಷದಿಂದ ಜಾವಾ ಅನ್ನೋ ಪ್ರೋಗ್ರಾಮಿಂಗ್ ಭಾಷೇಲೇ ಕೆಲಸ ಮಾಡ್ತಿದಾಳೆ, ಇನ್ಮೇಲೆ ಕೋಡೆಲ್ಲ ಎಐ ಬರೆಯುತ್ತೆ ಅಂತ ಆಫೀಸಲ್ಲಿ ಹೆದರಿಸ್ತಿದಾರೆ, ಮಾರತ್ತಹಳ್ಳಿ ಇನ್‌ಸ್ಟಿಟ್ಯೂಟಲ್ಲಿ ಒಂದೂವರೆ ಲಕ್ಷ ಕಟ್ಟಿ ಎಐ ಕೋರ್ಸ್ ಸೇರಿಸಲಾ, ನಾಳೆ ಕೊನೇ ದಿನ ಅಂತಿದಾರೆ ಅಂತ.

ದುಡ್ಡಿನ ಮಾತು ಆಮೇಲೆ. ಪುಟ್ಟಿ, ಮೊದಲು ನೀನು ಕೇಳು. ನಮ್ಮ ಟೀಮಲ್ಲಿ ಒಬ್ಬ ಹುಡುಗ ಇದ್ದ, ಅಣ್ಣನಿಗೆ ಗೊತ್ತು, ನಮ್ಮ ಗೃಹಪ್ರವೇಶಕ್ಕೆ ಬಂದಿದ್ನಲ್ಲ, ಅವನೇ. ಫ್ಲೆಕ್ಸಲ್ಲಿ ಎತ್ತಿದ ಕೈ. ಫ್ಲೆಕ್ಸ್ ಅಂದ್ರೆ ಬ್ರೌಸರಲ್ಲಿ ಫ್ಲ್ಯಾಶ್ ಪ್ಲೇಯರ್ ಒಳಗೆ ಓಡ್ತಿದ್ದ ಸ್ಕ್ರೀನುಗಳು. ಆಗ ಬ್ಯಾಂಕಿನವರಿಗೆಲ್ಲ ಅದೇ ಬೇಕಿತ್ತು. ಗ್ರಿಡ್ಡು, ಚಾರ್ಟು, ಏನು ಕೇಳಿದ್ರೂ ಸಂಜೆಯೊಳಗೆ ಮಾಡಿಕೊಡ್ತಿದ್ದ. ಅವನು ಬಿಟ್ರೆ ಆ ಕೋಡು ಮುಟ್ಟೋರಿಲ್ಲ, ಹಾಗಾಗಿ ವರ್ಷ ವರ್ಷ ಒಳ್ಳೇ ಹೈಕು. 2010ರ ಏಪ್ರಿಲಲ್ಲಿ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಐಫೋನಲ್ಲಿ ಫ್ಲ್ಯಾಶ್ ಬಿಡಲ್ಲ ಅಂತ ಬಹಿರಂಗವಾಗಿ ಬರೆದ. 2011ರಲ್ಲಿ ಫ್ಲ್ಯಾಶ್ ಮಾಡ್ತಿದ್ದ ಅಡೋಬಿಯವರು ಫ್ಲೆಕ್ಸನ್ನ ಅಪಾಚೆ ಅನ್ನೋ ಓಪನ್ ಸೋರ್ಸ್ ಸಂಸ್ಥೆಗೆ ಕೊಟ್ಟು ಕೈ ತೊಳ್ಕೊಳ್ತೀವಿ ಅಂದ್ರು. 2017ರಲ್ಲಿ ಫ್ಲ್ಯಾಶ್ 2020ಕ್ಕೆ ಮುಗೀತು ಅಂತ ತಾರೀಖೇ ಕೊಟ್ರು. ಹತ್ತು ವರ್ಷ ಮುನ್ಸೂಚನೆ! ಇವನು ಮಾತ್ರ ಕ್ಲೈಂಟ್ ಬಿಡಲ್ಲ ಅಂತಾನೇ ಕೂತಿದ್ದ.

ಕ್ಲೈಂಟ್ ಬಿಟ್ಟ. ಆಮೇಲೆ ಹೋದ ಇಂಟರ್‌ವ್ಯೂ ಒಂದರಲ್ಲಿ ಬ್ರೌಸರಿನ ನೆಟ್‌ವರ್ಕ್ ಟ್ಯಾಬ್ ತೆಗೆದು, ಬಟನ್ ಒಂದೇ ಸಲ ಒತ್ತಿದೀನಿ, ರಿಕ್ವೆಸ್ಟ್ ಎರಡು ಹೋಗಿದೆ, ಯಾಕೆ ಅಂತ ಕೇಳಿದ್ರಂತೆ. ಇವನು ಡಬಲ್ ಕ್ಲಿಕ್ ಆಗಿರಬೇಕು ಅಂದ. ಅದು ಡಬಲ್ ಕ್ಲಿಕ್ ಅಲ್ಲ. ಪೇಜು ಒಂದು ಡೊಮೇನಲ್ಲಿ, ಅದಕ್ಕೆ ಡೇಟಾ ಕೊಡೋ ಎಪಿಐ ಇನ್ನೊಂದರಲ್ಲಿ. ಜೊತೆಗೆ ಯಾರು ಕೇಳ್ತಿದಾರೆ ಅಂತ ತೋರಿಸೋ ಆಥರೈಸೇಶನ್ ಹೆಡರ್ ಹೋಗ್ತಿದೆ. ಹಾಗಿದ್ದಾಗ ಬ್ರೌಸರ್ ಮೊದಲು ಆಪ್ಷನ್ಸ್ ಅಂತ ಒಂದು ರಿಕ್ವೆಸ್ಟ್ ಕಳ್ಸಿ ಸರ್ವರಿನ ಒಪ್ಪಿಗೆ ಕೇಳುತ್ತೆ, ಆಮೇಲೆ ನಿಜವಾದ ರಿಕ್ವೆಸ್ಟ್ ಕಳ್ಸುತ್ತೆ. ಫ್ಲ್ಯಾಶಲ್ಲಿ ಸರ್ವರ್ ಮೇಲೆ ಕ್ರಾಸ್‌ಡೊಮೇನ್ ಅನ್ನೋ ಎಕ್ಸ್‌ಎಂಎಲ್ ಫೈಲ್ ಇಟ್ಟರೆ ಸಾಕಿತ್ತು, ಅದೂ ಬೇರೆ ಯಾರೋ ಇಡ್ತಿದ್ರು. ತನ್ನ ಸ್ಕ್ರೀನಿನಿಂದ ಆಚೆ ಏನು ಹೋಗುತ್ತೆ ಅಂತ ಅವನು ಒಂದು ದಿನ ತೆಗೆದು ನೋಡಿರಲಿಲ್ಲ. ಅದೇ ಟೀಮಲ್ಲಿ ಅದೇ ಫ್ಲೆಕ್ಸ್ ಮಾಡ್ತಿದ್ದ ಹುಡುಗಿ, ಸ್ಕ್ರೀನಿನ ಹಿಂದೆ ಓಡೋ ಜಾವಾ ಸರ್ವೀಸೂ ಅದು ಡೇಟಾಬೇಸಿಗೆ ಕೇಳೋ ಕ್ವೆರಿಗಳೂ ಓದ್ಕೊಂಡಿದ್ಲು. ಅವಳು ಜಾವಾಸ್ಕ್ರಿಪ್ಟಿಗೆ ಸುಲಭವಾಗಿ ಹೋದ್ಲು.

ಅದಕ್ಕೇ ಹೇಳೋದು, ಒಂದೇ ಟೂಲಿಗೆ ಜೋತುಬೀಳಬೇಡ. ಅದರ ಕೆಳಗೆ ಏನು ನಡೀತಿದೆ ಅಂತ ಕಲಿ. ಎಐ ವಿಷಯಾನೂ ಇದೇ. ಕೋಡು ಅದು ಬರ್ಕೊಡುತ್ತೆ, ಸರಿ. ರಾತ್ರಿ ಪೇಮೆಂಟ್ ನಿಂತಾಗ ಡೇಟಾಬೇಸಿಗೆ ಹೋಗೋ ಕನೆಕ್ಷನ್ನುಗಳ ಪೂಲ್ ಖಾಲಿಯಾಗಿದೆಯಾ, ಡೇಟಾಬೇಸಲ್ಲಿ ಲಾಕ್ ಬಿದ್ದಿದೆಯಾ ಅಂತ ಹುಡುಕೋರು ಬೇಕಲ್ಲ. ಇನ್ನೊಂದ್ಸಲ ಹೇಳ್ತೀನಿ ಪುಟ್ಟಿ, ಟೂಲು ಹೋಗುತ್ತೆ, ಬರುತ್ತೆ, ಒಂದಕ್ಕೇ ಜೋತುಬೀಳಬೇಡ.

ಕಲಿಸೋ ಜವಾಬ್ದಾರಿ ಆಫೀಸಿನವರದ್ದೂ ಅಲ್ವಾ ಅಂತ ನನಗೆ ಇವತ್ತಿಗೂ ಸಿಟ್ಟಿದೆ. ನಾನಿದ್ದ ಒಂದು ಕಡೆ ವರ್ಷಕ್ಕೆ ಇಷ್ಟು ಗಂಟೆ ವಿಡಿಯೋ ನೋಡಿರಬೇಕು ಅಂತ ಅಪ್ರೈಸಲಲ್ಲಿ ಬರೀತಿದ್ರು. ಟೀಮಿನ ಮಕ್ಕಳು ಮ್ಯೂಟ್ ಮಾಡಿ ಒಂದು ಮೂಲೇಲಿ ಓಡ್ಸಿ, ಪಕ್ಕದಲ್ಲಿ ಪ್ರೊಡಕ್ಷನ್ ಟಿಕೆಟ್ ಮಾಡ್ತಿದ್ರು. ಮಾಡದೆ ಏನು ಮಾಡ್ತಾರೆ, ಕಲಿಯೋಕೆ ಅಂತ ಸಮಯ ಕೊಟ್ಟಿರಲಿಲ್ಲ. ಕೋಡ್ ರಿವ್ಯೂನಲ್ಲಿ ಹೊಸಬರ ಪಕ್ಕ ಕೂತು ಹೇಳಿಕೊಡೋ ಸೀನಿಯರಿಗೆ ಯಾವ ಲೆಕ್ಕದಲ್ಲೂ ಜಾಗ ಇಲ್ಲ. ಔಟರ್ ರಿಂಗ್ ರೋಡಲ್ಲಿ ಹೋಗ್ತಾ ಬರ್ತಾ ಮೂರು ಗಂಟೆ ಕಳೆಯೋ ಮಕ್ಕಳಿಗೆ ಮನೇಲಿ ಕಲೀರಿ ಅಂದ್ರೆ ಯಾವಾಗ ಕಲೀತಾರೆ? ನಮ್ಮ ಮದುವೆ ಮನೆಗಳಲ್ಲೂ ಅಷ್ಟೇ, ಪ್ಯಾಕೇಜ್ ಎಷ್ಟು ಅಂತ ಕೇಳ್ತಾರೆ, ಏನು ಕೆಲಸ ಅಂತ ಒಬ್ಬರೂ ಕೇಳಲ್ಲ.

ಹಾಂ, ಅತ್ತಿಗೆ ಕೇಳಿದ್ದು ಕೋರ್ಸಿನ ಮಾತು. ನಾಳೆ ಕೊನೇ ದಿನ ಅನ್ನೋರಿಗೆ ನಾಳೆ ಕಟ್ಟಬೇಡಿ. ಸಿಲಬಸ್ಸು ಮತ್ತೆ ರೀಫಂಡ್ ನಿಯಮ ಬರಹದಲ್ಲಿ ತಗೊಳ್ಳಿ, ಇಎಂಐ ಅಂದ್ರೆ ಸಾಲ ಯಾರ ಹೆಸರಲ್ಲಿ ಅಂತ ಓದಿ. ಮೆಷೀನ್ ಲರ್ನಿಂಗ್, ಅಂದ್ರೆ ಎಐ ಹಿಂದಿನ ವಿದ್ಯೆ, ಬೇಕೇ ಬೇಕು ಅಂದ್ರೆ ಆನ್‌ಲೈನ್ ಪಾಠದ ತಾಣ ಎನ್‌ಪಿಟೆಲಲ್ಲಿ ಐಐಟಿ ಮೇಷ್ಟ್ರುಗಳ ಪಾಠ ಪುಕ್ಕಟೆ ಇದೆ, ಸರ್ಟಿಫಿಕೇಟ್ ಬೇಕಾದ್ರೆ ಮಾತ್ರ ಪರೀಕ್ಷೆಗೆ ಫೀಸು.

ಪುಟ್ಟಿ, ನಿಮ್ಮ ಪ್ರಾಜೆಕ್ಟು ಇನ್ನೂ ಹಳೇ ಜಾವಾ 8ರಲ್ಲಿದೆ ಅಂತ ನೀನು ಅಂದಿದ್ದೆ. ಅದೇ ನಿನ್ನ ಕೋರ್ಸು. ಬೇರೆ ಬ್ರಾಂಚಲ್ಲಿ, ಅಂದ್ರೆ ಕೋಡಿನ ಪ್ರತ್ಯೇಕ ಪ್ರತೀಲಿ, ಹೊಸ ಆವೃತ್ತಿಗೆ ಏರಿಸು. ಎಲ್ಲ ಒಟ್ಟಿಗೆ ಏರಿಸಿದ್ರೆ ಯಾವುದರಿಂದ ಮುರೀತು ಗೊತ್ತಾಗಲ್ಲ, ಹಾಗಾಗಿ ಮೊದಲು ಜಾವಾ ಮೇಲೆ ಕಟ್ಟಿರೋ ಫ್ರೇಮ್‌ವರ್ಕ್ ಸ್ಪ್ರಿಂಗ್ ಬೂಟ್ 2.7, ಆಮೇಲೆ ಜಾವಾ 17, ಕೊನೇಗೆ ಬೂಟ್ 3. ಜಾವಾ 11ರಲ್ಲೇ ಎಕ್ಸ್‌ಎಂಎಲ್ ಓದೋ ಬರೆಯೋ ಜಾಕ್ಸ್‌ಬಿ ತೆಗೆದಿದಾರೆ, ಅದನ್ನ ಬೇರೆ ಡಿಪೆಂಡೆನ್ಸಿಯಾಗಿ ಹಾಕ್ಬೇಕು. ಬೂಟ್ 3ರಲ್ಲಿ ಸರ್ವ್‌ಲೆಟ್, ಪರ್ಸಿಸ್ಟೆನ್ಸ್ ಇವುಗಳ ಪ್ಯಾಕೇಜ್ ಹೆಸರು ಜಾವಾಎಕ್ಸ್ ಹೋಗಿ ಜಕಾರ್ತಾ ಆಗಿದೆ. ಫೈಂಡ್ ರಿಪ್ಲೇಸ್ ಅಂತ ಎಲ್ಲ ಬದಲಾಯಿಸಿಬಿಡಬೇಡ, ಜಾವಾಎಕ್ಸ್ ಡಾಟ್ ಎಸ್‌ಕ್ಯೂಎಲ್ ಜೆಡಿಕೆಯದ್ದು, ಅಂದ್ರೆ ಜಾವಾದ ಜೊತೆಗೇ ಬರೋದು, ಅದು ಹಾಗೇ ಇರುತ್ತೆ.

ಎರಡನೇದು, ನಿಮ್ಮ ಡೇಟಾಬೇಸು ಪೋಸ್ಟ್‌ಗ್ರೆಸಲ್ಲಿ ತೀರಾ ನಿಧಾನ ಇರೋ ಕ್ವೆರಿಗೆ ಎಕ್ಸ್‌ಪ್ಲೇನ್ ಅನಲೈಸ್ ಹಾಕು. ಅಂದಾಜು ಸಾಲು ನೂರು, ನಿಜವಾಗಿ ಬಂದಿದ್ದು ಲಕ್ಷ ಅಂತಿದ್ರೆ ಸ್ಟ್ಯಾಟಿಸ್ಟಿಕ್ಸ್ ಹಳೇದಾಗಿರಬಹುದು, ಟೇಬಲ್ಲಿಗೆ ಅನಲೈಸ್ ಓಡಿಸಿ ಮತ್ತೆ ನೋಡು. ವೇರ್ ಷರತ್ತಲ್ಲಿ ಕಾಲಮ್ಮಿಗೆ ಲೋವರ್ ಥರದ ಫಂಕ್ಷನ್ ಸುತ್ತಿದ್ರೆ ಮಾಮೂಲಿ ಇಂಡೆಕ್ಸ್ ಉಪಯೋಗಕ್ಕೆ ಬರಲ್ಲ. ಎಕ್ಸ್‌ಪ್ಲೇನ್ ಅನಲೈಸ್ ಕ್ವೆರೀನ ನಿಜವಾಗ್ಲೂ ಓಡಿಸುತ್ತೆ, ಡಿಲೀಟ್ ಮೇಲೆ ಪ್ರೊಡಕ್ಷನಲ್ಲಿ ಹಾಕ್ಬಿಡಬೇಡ.

ಎಐ ಉಪಯೋಗಿಸು, ಬೇಡ ಅನ್ನಲ್ಲ. ಟೆಸ್ಟ್ ನೀನು ಮೊದಲು ಬರಿ, ಕೋಡ್ ಅದು ಬರೀಲಿ, ಏನೇನು ಬದಲಾಯ್ತು ಅನ್ನೋ ಡಿಫ್ ಸಾಲು ಸಾಲಾಗಿ ಓದು. ಆಫೀಸಿನ ಕೋಡನ್ನ ಸ್ವಂತ ಅಕೌಂಟಲ್ಲಿ ಪೇಸ್ಟ್ ಮಾಡ್ಬೇಡ. ಬೆಳಿಗ್ಗೆ ಆಫೀಸಿಗೆ ಮುಂಚೆ 40 ನಿಮಿಷ, ವಾರಕ್ಕೆ ನಾಲ್ಕು ದಿನ ಸಾಕು. ತೊಂದರೆ ಏನಿತ್ತು, ಕಾರಣ ಏನು, ಮೊದಲು ಎಷ್ಟು ಸೆಕೆಂಡು, ಈಗ ಎಷ್ಟು ಅಂತ ಬರೆದಿಡು, ಅಪ್ರೈಸಲಿಗೂ ರೆಸ್ಯೂಮೆಗೂ ಅದೇ ಬರುತ್ತೆ. ಬ್ರಾಂಚ್ ಬಿಲ್ಡ್ ಆಗದೆ ನಿಂತ್ರೆ ಎರರ್ ಮಾತ್ರ ಓದಿ ಹೇಳು, ಭಾನುವಾರ ಮಧ್ಯಾಹ್ನ ಫೋನಲ್ಲೇ ನೋಡೋಣ. ಅತ್ತಿಗೆ, ಇನ್‌ಸ್ಟಿಟ್ಯೂಟಿನವರು ಫೋನ್ ಮಾಡಿದ್ರೆ ಮೂರು ತಿಂಗಳು ಬಿಟ್ಟು ನೋಡ್ತೀವಿ ಅಂತ ಹೇಳಿಬಿಡಿ.