ಸ್ಟ್ಯಾಟಿನ್ ಮಾತ್ರೆ, ತೊಡೆ ನೋವು: ತೆಗೆದುಕೊಂಡವರು ಅನುಭವ ಹೇಳಿ

ಹೊಸಬ: ವಯಸ್ಸು 52. ಕೊಲೆಸ್ಟ್ರಾಲ್ ಜಾಸ್ತಿ ಅಂತ ಅದನ್ನು ಇಳಿಸುವ ಸ್ಟ್ಯಾಟಿನ್ ಮಾತ್ರೆ ಅಟೋರ್ವಾಸ್ಟಾಟಿನ್ 10 ಬರೆದಿದ್ದಾರೆ. ಶುರು ಮಾಡಿದಾಗಿನಿಂದ ತೊಡೆ ಹಿಡಿಯುತ್ತಿದೆ. ಮುಂದುವರಿಸಲಾ, ಬಿಡಲಾ?

ಕೈಯೂರಿ ಎದ್ದವಳು: ನಾನು ಬಿಟ್ಟೆ, ಮತ್ತೆ ಮುಟ್ಟಲ್ಲ. ನನ್ನದು ಇನ್ನೊಂದು ಸ್ಟ್ಯಾಟಿನ್, ಸಿಮ್ವಾಸ್ಟಾಟಿನ್ 40 ಮಿ.ಗ್ರಾಂ. ವರ್ಷಗಟ್ಟಲೆ ಆರಾಮಾಗಿ ನಡೆದಿತ್ತು. ಕೆಮ್ಮು, ಜ್ವರ ಅಂತ ಹೋದರೆ ಇನ್ನೊಬ್ಬ ಡಾಕ್ಟರ್ ಕ್ಲಾರಿಥ್ರೊಮೈಸಿನ್ ಅನ್ನೋ ಆ್ಯಂಟಿಬಯಾಟಿಕ್ ಕೊಟ್ಟರು. ಬೇರೆ ಏನು ಮಾತ್ರೆ ನಡೀತಿದೆ ಅಂತ ಕೇಳಲೇ ಇಲ್ಲ. ಅದು ಸೇರಿದರೆ ಸಿಮ್ವಾಸ್ಟಾಟಿನ್ ಲಿವರ್‌ನಲ್ಲಿ ಕರಗದೆ ರಕ್ತದಲ್ಲಿ ಏರುತ್ತಾ ಹೋಗುತ್ತದೆ. ಕುರ್ಚಿಯಿಂದ ಏಳಲು ಕೈ ಊರಬೇಕಾಯಿತು. ತಲೆ ಬಾಚಲು ತೋಳು ಎತ್ತಲಾಗಲಿಲ್ಲ. ಮೂತ್ರ ಕಡು ಕಂದು. ಸ್ನಾಯು ಹಾಳಾದರೆ ರಕ್ತದಲ್ಲಿ ಏರುವ ಸಿಕೆ ಸಾವಿರಗಟ್ಟಲೆ. ಕಿಡ್ನಿ ಕೈಕೊಡಬಾರದು ಅಂತ ಬಾಟಲಿ ಮೇಲೆ ಬಾಟಲಿ ಡ್ರಿಪ್ ಹಾಕಿದರು. ಮನೆಗೆ ಬಂದ ಮೇಲೆ ಸಂಬಳವಿಲ್ಲದ ರಜೆ. ಒದ್ದೆ ಬಟ್ಟೆ ಹಿಂಡುವಷ್ಟು ಶಕ್ತಿ ಬರಲು ತಿಂಗಳುಗಳೇ ಹಿಡಿದವು.

ಸ್ಟೆಂಟ್ ಹಾಕಿಸಿಕೊಂಡವ: ಮೇಡಂ, ನಿಮಗಾದದ್ದು ಎರಡು ಔಷಧಿ ಸೇರಿ ಆದದ್ದು. ಅದನ್ನು ಹೇಳಿ ಎಲ್ಲರನ್ನೂ ಹೆದರಿಸಬೇಡಿ. ನನಗೂ ಮೀನಖಂಡ ಹಿಡಿಯುತ್ತಿತ್ತು, ಆದರೂ ಬಿಡಲಿಲ್ಲ. 2020ರ ಸ್ಯಾಮ್ಸನ್ ಅಧ್ಯಯನ ನೋಡಿ. ತೊಂದರೆ ಅಂತ ಸ್ಟ್ಯಾಟಿನ್ ಬಿಟ್ಟಿದ್ದ 60 ಜನ. 12 ತಿಂಗಳಲ್ಲಿ ಕೆಲವು ತಿಂಗಳು ನಿಜವಾದ ಮಾತ್ರೆ, ಕೆಲವು ತಿಂಗಳು ಔಷಧಿಯೇ ಇಲ್ಲದ ಮಾತ್ರೆ, ಇನ್ನು ಕೆಲವು ತಿಂಗಳು ಖಾಲಿ ಬಾಟಲಿ. ಸ್ಟ್ಯಾಟಿನ್‌ನಿಂದ ಬಂದ ತೊಂದರೆಯ 90 ಪರ್ಸೆಂಟ್ ಆ ಸುಳ್ಳು ಮಾತ್ರೆಯಲ್ಲೂ ಬಂತು! ಆಮೇಲೆ ಅರ್ಧ ಜನ ಮತ್ತೆ ಶುರು ಮಾಡಿದರು.

ಕೈಯೂರಿ ಎದ್ದವಳು: ಹಾಗಾದ್ರೆ ನನ್ನದು ಮನಸ್ಸಿನ ನೋವಾ? ಸಿಕೆ ಮನಸ್ಸಿನಿಂದ ಏರುತ್ತಾ? ಆ 60 ಜನಕ್ಕೂ ಶುರು ಮಾಡಿದ ಎರಡು ವಾರದೊಳಗೇ ತೊಂದರೆ ಬಂದದ್ದು. ನನ್ನಂಥವರ ಲೆಕ್ಕ ಅದರಲ್ಲಿ ಎಲ್ಲಿದೆ? ಓದಿದ್ದನ್ನು ಪೂರ್ತಿ ಹೇಳಿ.

ಸ್ಟೆಂಟ್ ಹಾಕಿಸಿಕೊಂಡವ: ನೋವು ಸುಳ್ಳು ಅಂತ ನಾನು ಎಲ್ಲಿ ಹೇಳಿದೆ? ನೋವು ನಿಜ, ಕಾರಣ ಬೇರೆ ಇರಬಹುದು ಅಂದೆ. ಪಕ್ಕದ ಬೆಡ್‌ನಲ್ಲಿದ್ದವರು ಇಂಥ ಮಾತು ಕೇಳಿಯೇ ಮಾತ್ರೆ ಬಿಟ್ಟಿದ್ದರು. ಎರಡನೇ ಸಲ ಹಾರ್ಟ್ ಅಟ್ಯಾಕ್ ಆಗಿ ಬಂದಿದ್ದರು. ಅದಕ್ಕೇ ನನಗೆ ಸಿಟ್ಟು.

ಥೈರಾಯ್ಡ್ ಅಕ್ಕ: ಇಬ್ಬರೂ ಸ್ವಲ್ಪ ನಿಲ್ಲಿಸಿ. ನನಗೆ ಮಾತ್ರೆ ಬದಲಿಸಿದರು, ವಿಟಮಿನ್ ಡಿ ಕೊಟ್ಟರು, ಫಿಸಿಯೋಥೆರಪಿಗೆ ಕಳಿಸಿದರು. ಸೊಂಟಕ್ಕೆ ಎಂಆರ್‌ಐ ಕೂಡ ಆಯಿತು. ಕೊನೆಗೆ ಯಾರೋ ಥೈರಾಯ್ಡ್ ರಕ್ತ ಪರೀಕ್ಷೆ ಟಿಎಸ್‌ಎಚ್ ಮಾಡಿಸಿ ಅಂದರು. ಥೈರಾಯ್ಡ್ ಪೂರಾ ಕುಸಿದಿತ್ತು. ಅದು ಕಡಿಮೆಯಾದರೆ ಕೊಲೆಸ್ಟ್ರಾಲೂ ಏರುತ್ತದೆ, ಸ್ಟ್ಯಾಟಿನ್ ತೆಗೆದುಕೊಂಡಾಗ ಸ್ನಾಯು ನೋವೂ ಬೇಗ ಬರುತ್ತದೆ. ಇದನ್ನು ಮೊದಲೇ ನೋಡಬೇಕಿತ್ತು ಅಲ್ವಾ? ಈಗ ಥೈರಾಕ್ಸಿನ್ ಬೆಳಿಗ್ಗೆ, ರೋಸುವಾಸ್ಟಾಟಿನ್ 5 ರಾತ್ರಿ. ಸ್ಟ್ಯಾಟಿನ್ ರಾತ್ರಿಯೇ ತೆಗೆದುಕೊಳ್ಳಬೇಕು.

ಸ್ಟೆಂಟ್ ಹಾಕಿಸಿಕೊಂಡವ: ರಾತ್ರಿಯೇ ಅಂತ ಏನಿಲ್ಲ. ಅದು ಸಿಮ್ವಾಸ್ಟಾಟಿನ್‌ನಂಥ ಬೇಗ ಇಳಿದುಹೋಗುವ ಮಾತ್ರೆಗೆ. ಅಟೋರ್ವಾ, ರೋಸುವಾ ರಕ್ತದಲ್ಲಿ ಜಾಸ್ತಿ ಹೊತ್ತು ಇರುತ್ತವೆ, ಯಾವಾಗ ಬೇಕಾದರೂ ಆಗುತ್ತದೆ.

ಥೈರಾಯ್ಡ್ ಅಕ್ಕ: ನಮ್ಮ ಡಾಕ್ಟರ್ ರಾತ್ರಿ ಅಂತಲೇ ಬರೆದಿದ್ದಾರೆ. ನಿಮ್ಮ ಮಾತು ಕೇಳಿ ಬದಲಿಸಬೇಕಾ?

ಹೊಸಬ: ಸಿಕೆ, ಟಿಎಸ್‌ಎಚ್ ಎರಡೂ ಒಂದೇ ಸಲ ರಕ್ತ ಕೊಟ್ಟು ಮಾಡಿಸಬಹುದಾ?

ಕೈಯೂರಿ ಎದ್ದವಳು: ಮಾಡಿಸಬಹುದು. ಹಿಂದಿನ ದಿನಗಳಲ್ಲಿ ಜೋರು ವ್ಯಾಯಾಮ ಬೇಡ, ಅದರಿಂದಲೂ ಸಿಕೆ ಏರುತ್ತದೆ. ಮೂತ್ರ ಕಂದಾದರೆ ರಿಪೋರ್ಟ್‌ಗೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.